ದನದ ಡಾಕ್ಟರನ ಮಗಳ ತಿಂಡಿ ಡಬ್ಬಿ

ದನದ ಡಾಕ್ಟರನ ನೌಕರಿಯಲ್ಲಿ ನಗೆಗೀಡಾಗಲು ಮುಹೂರ್ತ ನೋಡಬೇಕಿಲ್ಲ. ಎಮ್ಮೆ ಒದ್ದು ಸಗಣಿಯಲ್ಲಿ ಬಿದ್ದದ್ದು, ಹೋರಿ ಅಟ್ಟಿಸಿಕೊಂಡು ಬಂದಾಗ ಗುಡಿಯ ಕಟ್ಟೆ ಹತ್ತಿ ಕೂತದ್ದು, ನಾನು ಬರೆದುಕೊಟ್ಟ ಔಷಧದ ಚೀಟಿಯನ್ನು ರೋಗಿಯೇ ತಿಂದುಬಿಟ್ಟದ್ದು, ಇಂಥವು ತಿಂಗಳಿಗೆ ಒಂದೆರಡು ಆಗುತ್ತಲೇ ಇರುತ್ತವೆ. ಅವನ್ನೆಲ್ಲ ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳುವುದು, ಅವಳು ಸೆರಗು ಬಾಯಿಗಿಟ್ಟುಕೊಂಡು ನಗುವುದು, ರೋಣದ ನಮ್ಮ ಬಾಡಿಗೆ ಮನೆಯ ಪದ್ಧತಿಯಾಗಿತ್ತು. ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಜ್ವರವೆಂದು ದವಾಖಾನಿಗೆ ಹೋದವಳು ತಿರುಗಿ ಬರಲಿಲ್ಲ. ಮನೆಯಲ್ಲಿ ನಾನು ಮತ್ತು ಎರಡನೆಯ ತರಗತಿಯ ಮಗಳು ಉಳಿದೆವು.

ಆಮೇಲೂ ನಾನು ನಗೆಗೀಡಾಗುವುದು ನಿಲ್ಲಲಿಲ್ಲ. ಜಾಗ ಮಾತ್ರ ಬದಲಾಯಿತು. ಮೊದಲು ದನದ ಮನೆಯಲ್ಲಿ ಆಗುತ್ತಿದ್ದದ್ದು ಈಗ ಅಡಿಗೆಮನೆಯಲ್ಲಿ ಆಗತೊಡಗಿತು. ಹೆಂಡತಿಗೆ ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೇಸರಿ ಬೆರಳು

ಸತ್ತವರ ಮನೆಗೆ ಮಾತಾಡಿಸಲು ಬರುವವರಿಗೆ ದೊಡ್ಡವರ ಮುಂದೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಮನೆಯಲ್ಲಿ ಒಂದು ಕೂಸಿದ್ದರೆ ತಟ್ಟನೆ ತಿಳಿಯುತ್ತದೆ. ಬಂದವರೆಲ್ಲ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುಬಿಟ್ಟ ಪಾಕೀಟಿನ ಸರವನ್ನು ಹರಿದುಕೊಂಡು ಬಂದರು. ಖಾರದ ಕಡ್ಡಿ, ಚಿಪ್ಸು, ಬೆರಳಿಗೆ ಸಿಕ್ಕಿಸಿಕೊಂಡು ತಿನ್ನುವ ಉಂಗುರ.

"ಹುಡುಗಿ ಕೈಯಾಗ ಕೊಡ್ರಿ, ಪಾಪ, ಅಳೂದನ್ನರ ಮರೀಲಿ."

ದಿನಕರ್ಮ ಮುಗಿದು ಎಲ್ಲರೂ ಅವರವರ ಊರು ಹಿಡಿದ ಮೇಲೆ ನೋಡಿದರೆ, ಅಡಿಗೆಮನೆಯ ಮೂಲೆಯಲ್ಲಿ ಹಿಂಡಿ ಚೀಲದಷ್ಟು ದೊಡ್ಡ ಚೀಲ ತುಂಬ ಪಾಕೀಟುಗಳೇ ಇದ್ದವು.

ಮಗಳು ಅಳುವುದನ್ನೇನೂ ಮರೆಯಲಿಲ್ಲ, ಊಟವನ್ನು ಮರೆತಳು. ರೊಟ್ಟಿ ಮುರಿದು ಹಾಲಲ್ಲಿ ನೆನೆಸಿಟ್ಟರೆ ಅದು ಹಾಗೇ ಕೆನೆಗಟ್ಟುತ್ತಿತ್ತು. ಅವಳು ಬಾಗಿಲ ಬದಿಗೆ ಗೋಡೆಗಾತು ಕೂತು, ಮಡಿಲಲ್ಲಿ ಪಾಕೀಟು ಇಟ್ಟುಕೊಂಡು, ಓಣಿ ನೋಡುತ್ತ ತಿನ್ನುತ್ತಿದ್ದಳು. ನಾನು ಬೇಡ ಅನ್ನಲಿಲ್ಲ. ಖರೇ ಅಂದರೆ, ಆಗ ನಮ್ಮ ಮನೆಯಲ್ಲಿ ಕರುಂ ಕರುಂ ಅನ್ನುವ ಅದೊಂದೇ ಸಪ್ಪಳ ಇತ್ತು. ಅದೂ ನಿಂತರೆ ಮನೆಯಲ್ಲಿ ಇರುವುದು ಹ್ಯಾಂಗ ಅಂತ ಹೆದರಿಕೆ ಬರುತ್ತಿತ್ತು. ಚೀಲ ಖಾಲಿಯಾದ ಮೇಲೆ ಸಂಜೆ ಬರುವಾಗ ನಾನೇ ತಂದುಕೊಟ್ಟೆ. ಡಬ್ಬಿಗೂ ಅದನ್ನೇ ಸುರುವಿ ಕಳಿಸಿದೆ.

ಅವಳ ಬೆರಳ ತುದಿಗಳು ತೊಳೆದರೂ ಹೋಗದಷ್ಟು ಕೇಸರಿಯಾದವು. ಹೋಮ್‌ವರ್ಕ್ ಬರೆಯುವ ಪಟ್ಟಿಯ ಹಾಳೆ ಹಾಳೆಗೂ ಅದರ ಗುರುತು.

ಒಂದು ದಿನ ಸಾಲಿಯಲ್ಲಿ ಅವಳಿಗೆ ಕಲಿಸುವ ಅಕ್ಕಾರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಪಟ್ಟಿ ಬಿಚ್ಚಿ ತೋರಿಸಿದರು. ಒಳ್ಳೆಯವರು, ಸಿಟ್ಟು ಮಾಡುವವರಲ್ಲ. ಮೆಲ್ಲಗೆ ಹೇಳಿದರು:

"ಸಾಹೇಬ್ರ, ದಿನಾ ಹೋಮ್‌ವರ್ಕಿಗೆ ಅರಿಷಿಣ ಕುಂಕುಮ ಹಚ್ಚಿ ಕಳಸ್ತೀರಿ, ಭಕ್ತಿ ಚಲೋನ ಐತಿ. ಅದರ ಜೋಡಿ ಒಂದು ಲೆಕ್ಕಾನರ ಸರಿ ಮಾಡ್ಸಿ ಕಳಸ್ರಿ."

ನರಗುಂದದ ದವಾಖಾನಿ

ಪ್ರಾರ್ಥನೆಗೆ ಸಾಲಾಗಿ ನಿಂತಾಗ ಮಗಳು ಕಣ್ಣುಕತ್ತಲೆ ಬಂದು ಬಿದ್ದಳು. ಅಕ್ಕಾರು ಫೋನು ಮಾಡಿದಾಗ ನಾನು ಮೆಣಸಗಿಯಲ್ಲಿ ಒಂದು ಆಕಳ ಹೊಟ್ಟೆಗೆ ಕಿವಿ ಹಚ್ಚಿ ಕೂತಿದ್ದೆ. ಮೋಟರ್ ಸೈಕಲ್ ಹ್ಯಾಂಗ ಓಡಿಸಿದೆನೋ ನೆನಪಿಲ್ಲ. ಸಾಲಿಯ ಬೆಂಚಿನ ಮೇಲೆ ಮಲಗಿದ್ದವಳು ನನ್ನನ್ನು ನೋಡಿ, "ಅಪ್ಪಾ, ನಾ ಬೇಕಂತ ಬಿದ್ದಿಲ್ಲ" ಅಂದಳು. ಅಲ್ಲಿಂದ ಹಾಗೇ ನರಗುಂದಕ್ಕೆ ಮಕ್ಕಳ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರರು ವಯಸ್ಸಾದವರು. ನಗದ ಮುಖ. "ಏನಾಗೇತ್ರಿ?" ಅಂದರು.

ಹೆದರಿದ ಮನುಷ್ಯನ ನಾಲಗೆ ರೂಢಿಯ ದಾರಿಯನ್ನೇ ಹಿಡಿಯುತ್ತದೆ. ನಾನು ಒಂದೇ ಉಸಿರಿಗೆ ಹೇಳಿದೆ: "ಮೇವು ಬಿಟ್ಟು ಭಾಳ ದಿನ ಆತ್ರಿ. ನೀರು ಕುಡೀತಾಳ. ಕಿವಿ ತಣ್ಣಗದಾವು. ಸಗಣಿ ಗಟ್ಟಿ ಐತ್ರಿ."

ಡಾಕ್ಟರರ ಪೆನ್ನು ನಿಂತಿತು. ಕನ್ನಡಕದ ಮೇಲಿಂದ ನನ್ನನ್ನೊಮ್ಮೆ, ಮಗಳನ್ನೊಮ್ಮೆ ನೋಡಿ, ಅದೇ ನಗದ ಮುಖದಿಂದ ಕೇಳಿದರು:

"ಹಾಲು ಎಷ್ಟು ಲೀಟರ್ ಕೊಡ್ತಾಳ್ರಿ?"

ನರ್ಸಬಾಯಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ನಾನು ತಲೆ ತಗ್ಗಿಸಿದೆ.

ರಕ್ತ ತಪಾಸಣೆಯಾಗಿ ಬಂದ ಮೇಲೆ ಡಾಕ್ಟರರು ಚೇಷ್ಟೆ ಮಾಡಲಿಲ್ಲ. "ರಕ್ತ ಭಾಳ ಕಡಿಮಿ ಐತ್ರಿ. ಔಷಧ ಬರದ ಕೊಡ್ತೇನಿ. ಆದ್ರ ಬರೇ ಔಷಧದ ಮ್ಯಾಲೆ ಕೂಸು ಬೆಳ್ಯೂದಿಲ್ಲ. ಏನ್ ತಿಂತಾಳ?"

ಹೇಳಿದೆ. ಯಾಕೆ ಅನ್ನುವುದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ನೋಡ್ರಿ, ಆ ಪಾಕೀಟು ಹೊಟ್ಟಿ ತುಂಬಿದಂಗ ಮಾಡ್ತಾವ, ಮೈಗೆ ಹತ್ತೂದಿಲ್ಲ. ಅದನ್ನ ತಿಂದ ಕೂಸು ರೊಟ್ಟಿ ಯಾಕ ಮುಟ್ತೈತಿ? ಹಸಿವಿ ಆದಾಗ ಶೇಂಗಾ, ಬೆಲ್ಲ, ಪುಟಾಣಿ, ಮೊಳಕಿ ಕಾಳು, ಪೇರಲ ಹಣ್ಣು, ಮನ್ಯಾಗ ಏನೈತಿ ಅದನ್ನ ಕೊಡ್ರಿ. ಹಿಂಗ ಬಿಟ್ರ ಮತ್ತ ಬೀಳ್ತಾಳ. ಆವಾಗ ರಕ್ತ ಏರಸೂ ಪ್ರಸಂಗ ಬರ್ತೈತಿ."

ತಿರುಗಿ ಬರುವಾಗ ಎರಡೂ ಕಡೆ ಎರೆಹೊಲ, ಎದುರು ಗಾಳಿ. ಮಗಳು ಹಿಂದೆ ಕೂತು ನನ್ನ ಅಂಗಿ ಹಿಡಿದುಕೊಂಡಿದ್ದಳು. ಭಾಳ ಹೊತ್ತಿನ ಮೇಲೆ ಬೆನ್ನಿಗೆ ಬಾಯಿ ಹಚ್ಚಿ ಕೇಳಿದಳು:

"ಅಪ್ಪಾ, ರಕ್ತ ಕಡಿಮಿ ಆದ್ರ ನಾನೂ ಅವ್ವನಂಗ ಆಗ್ತೇನೇನು?"

ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಹಿಂದೆ ತಿರುಗಿದರೆ ನನ್ನ ಒದ್ದೆ ಕಣ್ಣು ಅವಳಿಗೆ ಕಾಣುತ್ತವೆ ಅಂತ ಮುಂದೆಯೇ ನೋಡುತ್ತ ಹ್ಯಾಂಡಲ್ ಹಿಡಿದು ನಿಂತೆ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಇಳಿದು ಮುಂದೆ ಬಂದು, ಟ್ಯಾಂಕಿನ ಮೇಲೆ ಕಿವಿಯಿಟ್ಟು, ನಾನು ಆಕಳ ಹೊಟ್ಟೆಗೆ ಬಡಿಯುವ ಹಾಗೆಯೇ ಎರಡು ಸಲ ಬಡಿದು ಅಂದಳು:

"ಪೆಟ್ರೋಲು ಮುಗದೈತಿ ಅಂತ ಹೇಳಾಕ ಇಷ್ಟ್ಯಾಕ ನಾಚ್ತಿ?"

ಉಂಡಿ

ಮರುದಿನದಿಂದ ಮನೆಯಲ್ಲಿ ಪಾಕೀಟು ಬಂದ್. ಮಗಳು ಎರಡು ದಿನ ಮುನಿಸಿಕೊಂಡು ಬಾಗಿಲ ಬದಿಗೆ ಬರಿಗೈಯಲ್ಲೇ ಕೂತಳು. ನಾನು ಶೇಂಗಾ ಉಂಡಿ ಮಾಡುವುದೆಂದು ನಿರ್ಧಾರ ಮಾಡಿದೆ. ಹೆಂಡತಿಯ ಕೈಯ ಶೇಂಗಾ ಉಂಡಿ ಮಗಳಿಗೆ ಜೀವ. ಬೆಲ್ಲದ ಪಾಕ ಬಂತೋ ಇಲ್ಲವೋ ಅಂತ ಹೆಂಡತಿ ನೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿತ್ತು. ನೋಡಿ ಏನನ್ನು ತಿಳಿದುಕೊಳ್ಳುತ್ತಿದ್ದಳು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ನಾನೂ ಹನಿ ಬಿಟ್ಟೆ. ಅದು ನೀರಲ್ಲಿ ಮುಳುಗಿತು. ಮುಳುಗುವುದು ಸರಿಯೋ ತಪ್ಪೋ? ಇರಲಿ ಅಂತ ಇನ್ನಷ್ಟು ಕುದಿಸಿದೆ. ಮತ್ತೊಂದು ಹನಿ ಬಿಟ್ಟೆ. ಬಟ್ಟಲಿನ ತಳಕ್ಕೆ ಟಣ್ ಅಂತು. ಗಟ್ಟಿ ಬಂದಿದೆ, ಚಲೋ ಆತು ಅಂದುಕೊಂಡು ಹುರಿದ ಶೇಂಗಾ ಸುರುವಿ ಅಂಗೈ ಸುಟ್ಟುಕೊಂಡು ಉಂಡಿ ಕಟ್ಟಿದೆ.

ನೋಡಲು ಉಂಡಿಯ ಹಾಗೇ ಇದ್ದವು. ಮಗಳು ಒಂದನ್ನು ಕೈಗೆ ತಗೊಂಡು ಮೂಸಿದಳು. "ಅವ್ವನ ಉಂಡೀ ವಾಸನಿ ಬರ್ತೈತಿ" ಅಂದಳು. ಅಷ್ಟಕ್ಕೇ ನನಗೆ ಹೊಟ್ಟೆ ತುಂಬಿತು. ಡಬ್ಬಿಗೆ ಹಾಕಿ ಕಳಿಸಿದೆ.

ಮಧ್ಯಾಹ್ನ ಅಕ್ಕಾರ ಫೋನು. "ಸಾಹೇಬ್ರ, ಗಾಬರಿ ಆಗಬ್ಯಾಡ್ರಿ."

ಹಾಗಂದರೆ ಯಾರು ಗಾಬರಿಯಾಗುವುದಿಲ್ಲ? "ಮತ್ತ ಬಿದ್ದಳೇನ್ರಿ?"

"ಬಿದ್ದದ್ದು ಆಕಿ ಅಲ್ರಿ, ಹಲ್ಲು. ಆಕೀದಲ್ಲ, ಬಾಜೂಕ ಕುಂತ ಹುಡುಗಂದು. ನಿಮ್ಮ ಮನೀ ಉಂಡಿ ಕಡದಾನ್ರಿ. ಅವನ ಅಜ್ಜಿ ಸಾಲಿಗೆ ಬಂದು ಕುಂತಾರ. ನಿಮ್ಮನ್ನ ನೋಡಬೇಕಂತ."

ಹೋಗುವಾಗ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡೆ. ತಾಯಿಯಿಲ್ಲದ ಮನೆ ಅಮ್ಮಾ, ನಾನು ಗಂಡಸು, ಪಾಕ ತಿಳಿಯಲಿಲ್ಲ ಅಂತ. ಸಾಲಿಯ ಕಟ್ಟೆಯ ಮೇಲೆ ಹುಡುಗನ ಅಜ್ಜಿ ಕೂತಿದ್ದರು, ಮೊಮ್ಮಗ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಕಿಂಡಿ ತೋರಿಸುತ್ತ ಎಲ್ಲರಿಗೂ ನಗುತ್ತಿದ್ದ. ನಾನು ಕೈ ಮುಗಿದು ಬಾಯಿ ತೆರೆಯುವುದರೊಳಗೆ ಅವರೇ ಎದ್ದು ನಿಂತರು.

"ಎಪ್ಪಾ, ನೀವೇನ್ರಿ ಆ ಡಾಕ್ಟರು? ಆ ಹಲ್ಲು ಅಳಗ್ಯಾಡಾಕ ಹತ್ತಿ ತಿಂಗಳಾಗಿತ್ರಿ. ದಾರಾ ಕಟ್ಟಾಕ ಬಿಡಲಿಲ್ಲ, ದವಾಖಾನಿಗೆ ಬರಲಿಲ್ಲ, ಮುಟ್ಟೇನಂದ್ರ ಓಣಿ ತುಂಬ ಬಾಯಿ ಮಾಡ್ತಿತ್ತು." ದನಿ ತಗ್ಗಿಸಿ ಹತ್ತಿರ ಬಂದು ಕೇಳಿದರು: "ಮ್ಯಾಲಿಂದೂ ಒಂದು ಅಳಗ್ಯಾಡಾಕತ್ತೈತ್ರಿ. ಇನ್ನೊಂದು ಉಂಡಿ ಉಳದೈತೇನು?"

ಕಡ್ಲಿ ಗಿಡ

ಚಳಿಗಾಲ ಬಂತು. ಶಿರೋಳದ ಕಡೆ ದನ ನೋಡಲು ಹೋದಾಗ ಹೊಲದವರೊಬ್ಬರು ಕಾಯಿ ತುಂಬಿದ ಹಸಿ ಕಡ್ಲಿಯನ್ನು ಗಿಡದ ಸಮೇತ ಕಿತ್ತು ಸಿವುಡು ಕಟ್ಟಿ ಗಾಡಿಗೆ ಹೇರಿದರು. ಮಗಳು ಸಂಜೆಯೆಲ್ಲ ಸುಲಿದು ತಿಂದಳು. ಎಲೆಯ ಹುಳಿಗೆ ತುಟಿ ಚಪ್ಪರಿಸುತ್ತ, "ಇದ ಮಸಾಲಿ ಪಾಕೀಟಿಗಿಂತ ಹುಳಿ ಐತಿ" ಅಂತ ಹೊಗಳಿದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಮರುದಿನ ಡಬ್ಬಿಯಲ್ಲಿ ಹಿಡಿಯದ್ದಕ್ಕೆ ಸಿವುಡನ್ನೇ ಬೆನ್ನಿಗೆ ಕಟ್ಟಿ ಕಳಿಸಿದೆ.

ಆಮೇಲಿನದನ್ನು ಅಕ್ಕಾರೇ ಹೇಳಿದ್ದು. ಬಿಡುವಿನ ಗಂಟೆ ಮುಗಿದರೂ ಯಾರೂ ಏಳಲಿಲ್ಲವಂತೆ. ಇಡೀ ಎರಡನೆಯ ತರಗತಿ ಗಿಡ ಹಂಚಿಕೊಂಡು ತಲೆ ತಗ್ಗಿಸಿ ಸುಲಿಯುತ್ತ ಕೂತಿತ್ತು. ನೆಲದ ತುಂಬ ಸಿಪ್ಪೆ, ಎಲೆ, ಬೇರಿನ ಮಣ್ಣು. ಬೈಯಲು ಹೋದ ಅಕ್ಕಾರಿಗೂ ಯಾರೋ ಒಂದು ಗಿಡ ಕೊಟ್ಟರು. ಅಷ್ಟರಲ್ಲಿ ಹೆಡ್ ಮಾಸ್ತರು ಬಾಗಿಲಲ್ಲಿ ನಿಂತು ಗುಡುಗಿದರು:

"ಏನ್ರೀ ಇದು? ಸಾಲಿಯೋ, ದನದ ಮನಿಯೋ?"

ಅಕ್ಕಾರು ಬಾಯಲ್ಲಿದ್ದದ್ದನ್ನು ನುಂಗಿ ಎದ್ದು ನಿಂತರು. "ದನದ ಡಾಕ್ಟರು ಮೇವು ಕಳಿಸ್ಯಾರ್ರಿ ಸರ್. ನಿಮ್ಮ ಪಾಲಿಂದೂ ಐತಿ, ಕುಂದರ್ರಿ."

ಮಗ್ಗದ ಕುಣಿ

ನನ್ನ ಅತ್ತೆ ಗಜೇಂದ್ರಗಡದವರು. ಮಗಳು ಅವರನ್ನು ಆಯಿ ಅನ್ನುತ್ತಾಳೆ. ಮಗ ಸೊಸೆಯ ಜೊತೆ ಸೀರೆ ನೇಯುತ್ತಾರೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಹಳೆಯ ಮಗ್ಗ ಅವರದು. ಹೆಂಡತಿ ಹೋದ ಮೇಲೆ ನಾವಿಬ್ಬರೂ ಅಲ್ಲಿಗೆ ಹೋದದ್ದು ಕಡಿಮೆ. ಮೊಮ್ಮಗಳ ಮುಖ ನೋಡಿದರೆ ಅತ್ತೆಗೆ ಅಳು ಬರುತ್ತಿತ್ತು, ಅತ್ತೆಯ ಮುಖ ನೋಡಿದರೆ ನನಗೆ. ಆದರೂ ಒಂದು ಆದಿತ್ಯವಾರ ಮನಸ್ಸು ಗಟ್ಟಿ ಮಾಡಿ, ಮಗಳನ್ನು ಹಿಂದೆ ಕೂಡಿಸಿಕೊಂಡು ಸೂಡಿಯ ಮೇಲೆ ಹಾಯ್ದು ಹೋದೆ.

ಅತ್ತೆ ಇಳಿದು ಹೋಗಿದ್ದರು. ಕೊರಳ ಎಲುಬು ಎದ್ದು ಕಾಣುತ್ತಿದ್ದವು. ಮೊಮ್ಮಗಳು ಸಾಲಿಯಲ್ಲಿ ಬಿದ್ದ ಸುದ್ದಿ ಅವರಿಗೆ ಮುಟ್ಟಿತ್ತು. ಮಗ್ಗ ನಿಲ್ಲಿಸಿ, ಅವಳನ್ನು ಎದುರಿಗೆ ಕೂಡಿಸಿಕೊಂಡು ಬುದ್ಧಿ ಹೇಳಿದರು.

"ಅದು ತಿನಸಲ್ಲ ನನ್ನವ್ವ, ಗಾಳಿ. ಗಾಳಿಗೆ ಉಪ್ಪು ಖಾರ ಹಚ್ಚಿ ಮಾರ್ತಾರ. ಗಾಳಿ ತಿಂದ್ರ ಮೈಯಾಗ ರಕ್ತ ಎಲ್ಲಿಂದ ಬರ್ತೈತಿ? ಇನ್ನ ಮ್ಯಾಲೆ ಅದನ್ನ ಕಣ್ಣೆತ್ತಿ ನೋಡಬಾರದು."

ಮಗಳು ತಲೆ ತಗ್ಗಿಸಿ ಎಲ್ಲ ಕೇಳಿದಳು. ಕೇಳುತ್ತ ಕೇಳುತ್ತ ಕೈಯಲ್ಲಿದ್ದ ನೂಲಿನ ಉಂಡೆಯನ್ನು ಜಾರಿಬಿಟ್ಟಳು. ಅದು ಉರುಳಿ ಕುಣಿಯೊಳಗೆ ಬಿತ್ತು. ಅತ್ತೆ "ಇರಲಿ ಬಿಡು, ನಾ ತಗೀತೇನಿ" ಅನ್ನುವುದರೊಳಗೆ ಅವಳು ಕುಣಿಗೆ ಇಳಿದಾಗಿತ್ತು. ಸ್ವಲ್ಪ ಹೊತ್ತು ಚರಪರ ಸಪ್ಪಳ. ಆಮೇಲೆ ಎರಡೂ ಕೈ ಮೇಲೆ ಬಂದವು. ಕೈ ತುಂಬ ಖಾಲಿ ಪಾಕೀಟುಗಳು, ಹಸಿರು, ನೀಲಿ, ಕೇಸರಿ.

"ಆಯೀ, ಇವು ಯಾರವು?"

ಅತ್ತೆಯ ಮುಖ ಬಿಳುಪೇರಿತು. "ಇಲಿ ಎಳಕೊಂಡು ಬಂದಿರಬೇಕವಾ."

ಮಗಳು ಒಂದು ಪಾಕೀಟನ್ನು ಬೆಳಕಿಗೆ ಹಿಡಿದು ತಿರುವಿ ನೋಡಿದಳು. "ಇಲಿ ಕತ್ತರೀಲೆ ನೆಟ್ಟಗ ಕತ್ತರಸ್ತೈತೇನು?"

ಅತ್ತೆ ನಗುತ್ತಾರೆ ಅಂದುಕೊಂಡೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. "ನನಗೂ ಊಟ ಹೋಗವಲ್ದರಿ," ಅಂದರು ನನ್ನ ಕಡೆ ನೋಡದೆ. "ತಾಟು ಹಚ್ಚಿಕೊಂಡು ಕುಂತ್ರ ಆಕಿ ಬಾಜೂಕ ಕುಂತಂಗ ಆಗ್ತೈತಿ. ಒಂದ್ ತುತ್ತು ಇಳ್ಯೂದಿಲ್ಲ. ಇದಕ್ಕಾದ್ರ ತಾಟು ಬ್ಯಾಡ, ಕುಂದ್ರೂದು ಬ್ಯಾಡ, ಯಾರೂ ಬಾ ಉಣ್ಣು ಅನ್ನೂದು ಬ್ಯಾಡ."

ಬಾಗಿಲ ಬದಿಗೆ ಕೂತು ಓಣಿ ನೋಡುತ್ತ ತಿನ್ನುತ್ತಿದ್ದ ಮಗಳು ಏಳು ವರ್ಷದವಳು, ಇವರು ಅರವತ್ತು ದಾಟಿದವರು. ನಾನಾದರೂ ಅಷ್ಟು ದಿನ ನಿಂತುಕೊಂಡೇ ಉಂಡಿದ್ದೆ, ಒಲೆಯ ಕಟ್ಟೆಯ ಬದಿಗೆ, ಪಾತೇಲಿಯಲ್ಲೇ. ಅದನ್ನು ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ಹೇಳಿದೆ.

ಮಗಳು ಕುಣಿಯಿಂದ ಹತ್ತಿ ಬಂದು ತನ್ನ ಡಬ್ಬಿ ತಂದಳು. ದಾರಿಗೆಂದು ನಾನು ಮೊಳಕೆ ಬರಿಸಿದ ಹೆಸರುಕಾಳಿನ ಉಸುಳಿ ಮಾಡಿ ಕಟ್ಟಿದ್ದೆ. ಮುಚ್ಚಳಕ್ಕೆ ಅರ್ಧ ಸುರುವಿ ಆಯಿಯ ಮುಂದೆ ಇಟ್ಟಳು. "ಡಾಕ್ಟ್ರು ಹೇಳ್ಯಾರ, ಇದನ್ನ ತಿಂದ್ರ ರಕ್ತ ಆಗ್ತೈತಿ. ತಾಟು ಬ್ಯಾಡಲ್ಲ, ಮುಚ್ಚಳದಾಗ ತಿನ್ನು."

ಅತ್ತೆ ಮೊಮ್ಮಗಳ ಮುಖವನ್ನೇ ನೋಡುತ್ತ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಅಗಿದರು. ನಿಧಾನವಾಗಿ ನುಂಗಿದರು.

"ಯಾರ್ ಮಾಡಿದ್ದು?"

"ಅಪ್ಪ."

"ಉಪ್ಪು ಹಾಕೂದ ಮರತಾರ," ಅಂದರು ಅತ್ತೆ ಕಣ್ಣು ಒರೆಸಿಕೊಳ್ಳುತ್ತ. "ಏನರ ಆಗಲಿ, ನನ್ನ ಇಲಿ ಇದಕ್ಕಿಂತ ಚಲೋ ಅಡಿಗಿ ತಂದು ಹಾಕ್ತಿತ್ತು."

ಭಾಷಣ

ನರಗುಂದದ ಡಾಕ್ಟರರು ಮತ್ತೆ ರಕ್ತ ನೋಡಿ, ಪೂರ್ತಿ ಅಲ್ಲದಿದ್ದರೂ ಏರಿದೆ ಅಂದರು. ಅದನ್ನು ಸಾಲಿಯಲ್ಲಿ ಹೇಳಿದ್ದೇ ತಪ್ಪಾಯಿತು. ಪಾಲಕರ ಸಭೆಯಲ್ಲಿ ಮಕ್ಕಳ ತಿಂಡಿಯ ಬಗ್ಗೆ ಮಾತಾಡಲು ಬರಬೇಕಾಗಿದ್ದ ಊರ ದವಾಖಾನಿಯ ಡಾಕ್ಟರರಿಗೆ ಆ ದಿನ ಬೇರೆ ಕೆಲಸ ಬಂತಂತೆ. ಹೆಡ್ ಮಾಸ್ತರು ನನಗೆ ಫೋನು ಮಾಡಿದರು.

"ಸರ್, ನಾ ದನದ ಡಾಕ್ಟರ್ರಿ."

"ಡಾಕ್ಟರಂದ್ರ ಡಾಕ್ಟರ. ಹಾರ ತರಿಸಿ ಆಗೇತಿ, ಬಾಡಿ ಹೋಗ್ತೈತಿ, ಬರ್ರಿ."

ಹೋದೆ. ಸಾಲಿಯ ಅಂಗಳದಲ್ಲಿ ಜಮಖಾನಿ ಹಾಸಿ ತಾಯಂದಿರು, ತಂದೆಯರು, ಅಜ್ಜ ಅಜ್ಜಿಯರು ಕೂತಿದ್ದರು. ಮುಂದಿನ ಸಾಲಿನಲ್ಲಿ ಮಕ್ಕಳು, ಅವರಲ್ಲಿ ನನ್ನ ಮಗಳು. ನಾನು ಬರೆದುಕೊಂಡು ಹೋದದ್ದನ್ನು ಹೇಳಿದೆ. ಪಾಕೀಟಿನಲ್ಲಿ ಉಪ್ಪು, ಎಣ್ಣೆ ಹೆಚ್ಚು, ಬಲ ಕಡಿಮೆ. ಡಬ್ಬಿಗೆ ಪುಟಾಣಿ, ಚುರುಮುರಿ, ಎಳ್ಳು, ಸೌತೆಕಾಯಿ, ಗಜ್ಜರಿ ಹಾಕಿರಿ. ಮಕ್ಕಳ ಎದುರು ನೀವೂ ಅದನ್ನೇ ತಿನ್ನಿರಿ. ಜನ ಸಭ್ಯರಾಗಿ ಆಕಳಿಸಿದರು.

ಕೊನೆಗೆ ಒಬ್ಬ ತಾಯಿ ಎದ್ದು ನಿಂತರು. "ಹೇಳೂದು ಸರಿ ಐತ್ರಿ ಸಾಹೇಬ್ರ. ನಾವೂ ಮಾಡಿ ಕಟ್ತೇವಿ. ಡಬ್ಬಿ ಹಂಗ ತಿರಗಿ ಬರ್ತೈತಿ. ನಿಮ್ಮ ಮಗಳು ಹ್ಯಾಂಗ ತಿಂತಾಳ್ರಿ?"

ನಾನು ಬಾಯಿ ತೆರೆಯುವುದರೊಳಗೆ ಮುಂದಿನ ಸಾಲಿನಿಂದ ಮಗಳೇ ಎದ್ದಳು. ಪ್ರಾರ್ಥನೆ ಹೇಳುವ ಹಾಗೆ ಕೈ ಕಟ್ಟಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಮ್ಮ ಅಪ್ಪ ಮಾಡಿದ್ದು ಚಲೋ ಆಗೂದಿಲ್ರಿ. ಆದ್ರೂ ನಾ ತಿಂತೇನಿ. ತಿನ್ನಲಿಲ್ಲಂದ್ರ ಆಂವ ಅಡಿಗಿ ಮನ್ಯಾಗ ಹೋಗಿ ಅಳ್ತಾನ್ರಿ. ಉಳ್ಳಾಗಡ್ಡಿ ಹೆಚ್ಚಾಕತ್ತೇನಿ ಅಂತ ಸುಳ್ಳ ಹೇಳ್ತಾನ."

ಒಬ್ಬಿಬ್ಬರು ತಾಯಂದಿರು ಸೆರಗು ಕಣ್ಣಿಗೆ ಒಯ್ದರು. ಅಕ್ಕಾರು ಬೇರೆ ಕಡೆ ನೋಡಿದರು. ನನಗೆ ಮೈಕು ಹಿಡಿದ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳಿಗೆ ಗೊತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ಆಗ ಹಿಂದಿನಿಂದ ರುಮಾಲು ಸುತ್ತಿದ ಅಜ್ಜ ಒಬ್ಬರು ಕೋಲೂರಿ ಎದ್ದರು. ಕೆಮ್ಮಿದರು.

"ಅದೆಲ್ಲಾ ಖರೇ ಐತ್ರಿ ಡಾಕ್ಟ್ರ. ನಂದೊಂದು ಪ್ರಶ್ನೆ. ನಮ್ಮ ಎಮ್ಮಿ ಎರಡು ದಿನ ಆತು, ಹಿಂಡಿ ಮೂಸವಲ್ದು. ಅದರ ಮುಂದನೂ ಯಾರರ ಕುಂತು ಅಳಬೇಕೇನ್ರಿ?"

ಇಡೀ ಅಂಗಳ ಹೋ ಅಂತ ನಕ್ಕಿತು. ಕಣ್ಣು ಒರೆಸಿಕೊಳ್ಳುತ್ತಿದ್ದವರು ಅದೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಹೆಡ್ ಮಾಸ್ತರು ವಂದನಾರ್ಪಣೆ ಮರೆತರು. ಅಜ್ಜ ಮಾತ್ರ ನಗಲಿಲ್ಲ, ಉತ್ತರ ಕಾಯುತ್ತ ನಿಂತಿದ್ದರು. ಅವರಿಗೆ ಎಮ್ಮೆಯದೇ ಚಿಂತೆ.

ಸಭೆ ಮುಗಿದ ಮೇಲೆ ಕೊರಳಲ್ಲಿ ಹಾರ ಇದ್ದಂತೆಯೇ ಅವರ ಹಿಂದೆ ಹೋದೆ. ಮಗಳೂ ಬಂದಳು. ನೋಡಿದೆ, ಎಮ್ಮೆಗೆ ಜ್ವರ. ಇಂಜೆಕ್ಷನ್ ಕೊಟ್ಟು, ಬಾಯಿಗೆ ಔಷಧ ಹಾಕಿ, ಕೈ ತೊಳೆದುಕೊಳ್ಳಲು ಹಿತ್ತಲಿಗೆ ಹೋದೆ. ಔಷಧ ಹಿಡಿಯಲೆಂದು ಸ್ವಲ್ಪ ಹೊತ್ತು ಕಾದು ತಿರುಗಿ ಬಂದಾಗ ಮಗಳು ಹಿಂಡಿಯ ಬುಟ್ಟಿಯನ್ನು ಎಮ್ಮೆಯ ಮೂತಿಗೆ ಹಿಡಿದು, ಅದರ ಕಿವಿಯಲ್ಲಿ ಹೇಳುತ್ತಿದ್ದಳು:

"ತಿನ್ನ ನಮ್ಮವ್ವ. ರುಚಿ ಇರಲಿಕ್ಕಿಲ್ಲ. ಆದ್ರೂ ತಿನ್ನ. ಇಲ್ಲಂದ್ರ ನಮ್ಮ ಅಪ್ಪ ಅಳ್ತಾನ."

ಎಮ್ಮೆ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿತು. ದೊಡ್ಡದೊಂದು ಉಸಿರು ಬಿಟ್ಟಿತು. ಆಮೇಲೆ ಮೊದಲು ನನ್ನ ಕೊರಳಿನ ಹಾರ ತಿಂದಿತು, ಅದಾದ ಮೇಲೆ ಹಿಂಡಿ.